ಆಟಕ್ಕುಂಟು, ಲೆಕ್ಕಕ್ಕಿಲ್ಲ!

ಕನ್ನಡದ ಯುವ ಗೆಳೆಯರೇ,

ನಿಮ್ಮ ಬಡಾವಣೆಯಲ್ಲಿ ಎಷ್ಟು ಬಡ ಸಂಸಾರಗಳಿವೆ? ಥಟ್ಟನೆ ಹೇಳಿ ನೋಡೋಣ.

ಯಾವ ಆಟಗಾರ ಯಾವ ಪಂದ್ಯದಲ್ಲಿ ಎಷ್ಟು ರನ್ ಹೊಡೆದ ಎಂಬುದು ನಿಮಗೆ ಬಾಯಿಪಾಠ. ಯಾವ ಸಿನಿಮಾ ಮೊದಲ ವಾರ ಎಷ್ಟು ಕೋಟಿ ಬಾಚಿತು ಎಂಬುದೂ ಗೊತ್ತು. ಆದರೆ ನಿಮ್ಮ ರಸ್ತೆಯ ಕೊನೆಯ ಖಾಲಿ ಸೈಟಿನಲ್ಲಿ, ನೀಲಿ ಟಾರ್ಪಾಲಿನ ಕೆಳಗೆ ಎಷ್ಟು ಒಲೆಗಳು ಉರಿಯುತ್ತಿವೆ? ಅಲ್ಲಿ ಎಷ್ಟು ಮಕ್ಕಳು ಶಾಲೆಯ ಮುಖ ನೋಡಿಲ್ಲ? ಎಷ್ಟು ಅಜ್ಜಿಯರ ಪಿಂಚಣಿ ಕಾರಣ ಹೇಳದೆ ನಿಂತುಹೋಗಿದೆ? ಗೊತ್ತಿಲ್ಲ, ಅಲ್ಲವೇ? ಕಚೇರಿಯಲ್ಲಿ ಕೇಳಿ ನೋಡಿ. ಅಲ್ಲಿ ಕಡತವಿದೆ, ಕಡತದಲ್ಲಿ ಈ ಜನ ಇಲ್ಲ.

ನೀವು ವಾಸಿಸುವ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊತ್ತವರು ಇವರು. ನಿಮ್ಮ ಮನೆಯ ಮುಂದಿನ ಕಸ ಎತ್ತುವವರು ಇವರು. ನಿಮ್ಮ ಅಮ್ಮನ ಕೈಗೆ ಬೆಳಿಗ್ಗೆ ಸೊಪ್ಪು ಕೊಡುವವರು ಇವರು. ಊರು ನಡೆಸಲು ಬೇಕು, ಊರಿನ ಪಟ್ಟಿಗೆ ಬೇಡ! ನಮ್ಮ ಹಿರಿಯರು ಇಂಥವರಿಗೆಂದೇ ಒಂದು ಮಾತು ಮಾಡಿಟ್ಟಿದ್ದಾರೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಲೆಕ್ಕಕ್ಕಿಲ್ಲದಿದ್ದರೆ ಏನಾಯಿತು ಎನ್ನುತ್ತೀರಾ? ಎಲ್ಲವೂ ಆಯಿತು! 2013ರ ಆಹಾರ ಭದ್ರತಾ ಕಾಯ್ದೆ ದೇಶದ ಹಳ್ಳಿಗಳ ಶೇಕಡಾ 75, ಪಟ್ಟಣಗಳ ಶೇಕಡಾ 50ರಷ್ಟು ಜನರಿಗೆ ಅಗ್ಗದ ಪಡಿತರ ಕೊಡುತ್ತೇನೆ ಎಂದಿತು. ಆ ಜನ ಎಷ್ಟು ಎಂದು ಲೆಕ್ಕ ಹಾಕಿದ್ದು 2011ರ ಜನಗಣತಿಯ ಮೇಲೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲೇ ಇಲ್ಲ. ಅದನ್ನು 2027ಕ್ಕೆ ತಳ್ಳಿದರು. ಅಂದರೆ ಹದಿನೈದು ವರ್ಷದಲ್ಲಿ ಹುಟ್ಟಿದ ಹಸಿವಿಗೆ ಹಳೆಯ ಪಟ್ಟಿಯಲ್ಲೇ ಊಟ ಬಡಿಸುತ್ತಿದ್ದಾರೆ. ರೇಷನ್ ಕಾರ್ಡು ಇಲ್ಲದಿದ್ದರೆ ಅನ್ನಭಾಗ್ಯದ ಅಕ್ಕಿ ಇಲ್ಲ. ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರಿಲ್ಲದಿದ್ದರೆ ಗೃಹಲಕ್ಷ್ಮಿಯ ಹಣವೂ ಇಲ್ಲ. ಒಂದು ಪಟ್ಟಿಯಿಂದ ಬಿದ್ದವರು ಹತ್ತು ಪಟ್ಟಿಗಳಿಂದ ಬೀಳುತ್ತಾರೆ.

ಜಾಗದ ಕತೆಯೂ ಇದೇ. 1973ರ ಕರ್ನಾಟಕ ಕೊಳೆಗೇರಿ ಕಾಯ್ದೆಯ ಪ್ರಕಾರ ಅಧಿಸೂಚನೆ ಹೊರಟರೆ ಮಾತ್ರ ಅದು ಘೋಷಿತ ಕೊಳೆಗೇರಿ. ಘೋಷಣೆಯಾದ ಕೇರಿಗೆ ನಲ್ಲಿ, ಚರಂಡಿ, ಹಕ್ಕುಪತ್ರದ ಬಾಗಿಲು ಸ್ವಲ್ಪವಾದರೂ ತೆರೆಯುತ್ತದೆ. ಘೋಷಣೆಯಾಗದ ಕೇರಿಗೆ ಅರ್ಜಿ ಕೊಡಲು ವಿಳಾಸವೇ ಇಲ್ಲ!

ಮುಂಬಯಿಯ ಹೆಂಗಸರು ಕಲಿಸಿದ ಪಾಠ

ಪಟ್ಟಿಯ ಬೆಲೆ ಎಷ್ಟೆಂದು ತಿಳಿಯಬೇಕೆ? ಮುಂಬಯಿಗೆ ಬನ್ನಿ. 1981ರ ಮಳೆಗಾಲದಲ್ಲಿ ಅಲ್ಲಿನ ಸರ್ಕಾರ ಫುಟ್‌ಪಾತಿನ ಗುಡಿಸಲುಗಳನ್ನು ಕಿತ್ತುಹಾಕಿ, ಜನರನ್ನು ಊರಾಚೆ ಸಾಗಿಸಲು ಹೊರಟಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1985ರ ಜುಲೈ 10ರಂದು ಓಲ್ಗಾ ಟೆಲಿಸ್ ಮೊಕದ್ದಮೆಯ ತೀರ್ಪು ಬಂತು. ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ನ್ಯಾಯಾಲಯ ಹೇಳಿತು. ದೊಡ್ಡ ಮಾತು! ಆದರೆ ಅದೇ ತೀರ್ಪು ನೋಟಿಸು ಕೊಟ್ಟು ಎಬ್ಬಿಸಬಹುದು ಎಂದೂ ಹೇಳಿತು. ಬದಲಿ ಜಾಗ ಯಾರಿಗೆ? 1976ರ ಗಣತಿಯಲ್ಲಿ ಸಿಕ್ಕವರಿಗೆ. ಗಣತಿಯವನು ಬಂದ ದಿನ ಕೂಲಿಗೆ ಹೋಗಿದ್ದವನ ಗತಿ? ಅವನು ಲೆಕ್ಕಕ್ಕಿಲ್ಲ.

ಆಗ ಏನಾಯಿತು ಗೊತ್ತೆ? ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಸ್ಪಾರ್ಕ್ ಎಂಬ ಪುಟ್ಟ ಸಂಸ್ಥೆ ಬೈಕುಲಾ ಕಡೆಯ ಫುಟ್‌ಪಾತಿನಲ್ಲಿ ಬದುಕುತ್ತಿದ್ದ ಹೆಂಗಸರ ಜೊತೆ ಕೂತು, ಸರ್ಕಾರ ಎಣಿಸದಿದ್ದರೆ ನಾವೇ ಎಣಿಸೋಣ ಎಂದು ಹೊರಟಿತು. 1985ರಲ್ಲಿ ಎಣಿಸಿದ್ದು ಸುಮಾರು 6,000 ಸಂಸಾರ, ಸುಮಾರು 27,000 ಜನ. ಕಳ್ಳಕಾಕರು, ಸೋಮಾರಿಗಳು, ನಿನ್ನೆ ಮೊನ್ನೆ ಬಂದವರು ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ ಅದು. ಲೆಕ್ಕ ಬೇರೆಯೇ ಕತೆ ಹೇಳಿತು. ಅವರು ದುಡಿಯುವ ಜನ. ಬಸ್ಸಿಗೆ ಕಾಸಿಲ್ಲದೆ ಕೆಲಸಕ್ಕೆ ನಡೆದೇ ಹೋಗಬೇಕಾದ್ದರಿಂದ ಕೆಲಸದ ಪಕ್ಕದಲ್ಲೇ ಮಲಗುವ ಜನ. ವರ್ಷಗಟ್ಟಲೆ ಅದೇ ಕಲ್ಲುಚಪ್ಪಡಿಯ ಮೇಲೆ ಮಕ್ಕಳನ್ನು ಬೆಳೆಸಿದ ಜನ. ಅಂಕಿಅಂಶ ಕೈಯಲ್ಲಿ ಹಿಡಿದ ಹೆಂಗಸರ ಮಾತಿಗೆ ತೂಕ ಬಂತು. ಮುಂದೆ 1995ರ ಹೊತ್ತಿಗೆ, ಮನೆ ಕೊಡುವ ಸರ್ಕಾರಿ ನೀತಿಯೊಳಗೆ ಫುಟ್‌ಪಾತಿನವರೂ ಸೇರಿದರು. ಹತ್ತು ವರ್ಷ ಹಿಡಿಯಿತು, ಗೆಳೆಯರೇ. ಆದರೆ ಆಯಿತು.

ಈ ಹೆಂಗಸರ ಜೊತೆ ಕೈಜೋಡಿಸಿದ ಕೊಳೆಗೇರಿ ನಾಯಕನ ಹೆಸರು ಜೋಕಿನ್ ಅರ್ಪುತಂ. ಹುಟ್ಟಿದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ಹೊಟ್ಟೆಪಾಡಿಗೆ ಮುಂಬಯಿಗೆ ಹೋಗಿ ಜನತಾ ಕಾಲೊನಿಯಲ್ಲಿ ಬದುಕಿದವರು. 1976ರಲ್ಲಿ ತಮ್ಮ ಕೇರಿಯೇ ನೆಲಸಮವಾಗಿದ್ದನ್ನು ಕಣ್ಣಾರೆ ಕಂಡವರು. ಕೊಳೆಗೇರಿಯವರೇ ಕೊಳೆಗೇರಿಯನ್ನು ಎಣಿಸಬೇಕು ಎಂಬ ಪಾಠವನ್ನು ದೇಶ ದಾಟಿ ಬೇರೆ ಬೇರೆ ಖಂಡಗಳಿಗೂ ಒಯ್ದರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ. 2018ರಲ್ಲಿ ತೀರಿಕೊಂಡರು. ಗಣಿಯಿಂದ ಚಿನ್ನ ಎಷ್ಟು ಬಂತೆಂದು ನಮಗೆ ಗೊತ್ತು. ಈ ಮನುಷ್ಯ ಬಂದದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಬೆಂಗಳೂರು ಅಂಕ ಕೊಟ್ಟಾಗ

ಮುಂಬಯಿ ಮಾತು ಬಿಡಿ, ನಮ್ಮ ಊರಿಗೇ ಬರೋಣ. 1994ರಲ್ಲಿ ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಮತ್ತು ಅವರ ಸಂಗಾತಿಗಳು ಒಂದು ಹೊಸ ಕೆಲಸ ಮಾಡಿದರು. ಮೇಷ್ಟ್ರು ಹುಡುಗರಿಗೆ ಅಂಕ ಕೊಡುವಂತೆ, ನಾಗರಿಕರಿಂದ ಸರ್ಕಾರಿ ಕಚೇರಿಗಳಿಗೆ ಅಂಕ ಕೊಡಿಸಿದರು. ಬಡಾವಣೆಯವರನ್ನೂ ಕೇಳಿದರು, ಕೊಳೆಗೇರಿಯವರನ್ನೂ ಕೇಳಿದರು. ನೀರು ಬರುತ್ತಿದೆಯೆ? ಲಂಚ ಕೇಳಿದರೆ? ಎಷ್ಟು ಸಲ ಅಲೆದಿರಿ? ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸೇವೆಯಿಂದ ತೃಪ್ತರಾದವರು ಎಷ್ಟು ಗೊತ್ತೆ? ಶೇಕಡಾ 1! ನೂರಕ್ಕೆ ಒಂದು ಅಂಕ! ನಮ್ಮ ನಿಮ್ಮ ಮನೆಯ ಹುಡುಗ ಆ ಅಂಕ ತಂದಿದ್ದರೆ ಅಪ್ಪ ಚರ್ಮ ಸುಲಿಯುತ್ತಿದ್ದ.

ಅಂಕಪಟ್ಟಿ ಪತ್ರಿಕೆಯಲ್ಲಿ ಅಚ್ಚಾಯಿತು. ಕಚೇರಿಗಳ ಮಾನ ಬೀದಿಗೆ ಬಂತು. 1999ರಲ್ಲಿ ಮತ್ತೆ ಕೇಳಿದರು, 2003ರಲ್ಲಿ ಮತ್ತೆ ಕೇಳಿದರು. ಅಷ್ಟು ಹೊತ್ತಿಗೆ ತೃಪ್ತರಾದವರ ಪ್ರಮಾಣ ಎಷ್ಟೋ ಪಟ್ಟು ಏರಿತ್ತು. ಅಂಕಪಟ್ಟಿಯೊಂದೇ ಇದನ್ನು ಮಾಡಿತು ಎಂದು ನಾವು ಹೇಳುವುದಿಲ್ಲ. ಆದರೆ ಒಮ್ಮೆ ಎಣಿಸಿ ಸುಮ್ಮನಾಗಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದು ಸತ್ಯ. ಮತ್ತೆ ಬಂದು ಎಣಿಸುತ್ತಾರೆ ಎಂಬ ಅಂಜಿಕೆ ಇದೆಯಲ್ಲ, ಅಧಿಕಾರಿಗೆ ಅದೇ ಮದ್ದು.

ಅದೇ 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಜನರನ್ನು ಸೇರಿಸಿ, ಸರ್ಕಾರಿ ಹಾಜರಿ ಪುಸ್ತಕವನ್ನು ಗಟ್ಟಿಯಾಗಿ ಓದಿದರು. ಕೂಲಿ ಕೊಟ್ಟಿದ್ದೇವೆ ಎಂದು ಪುಸ್ತಕ ಹೇಳಿತು. ನಮಗೆ ಬಂದೇ ಇಲ್ಲ ಎಂದು ಜನ ಹೇಳಿದರು. ಅಷ್ಟೇ ನಡೆದದ್ದು: ಒಬ್ಬ ಓದಿದ, ಊರು ಕೇಳಿಸಿಕೊಂಡಿತು. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತರು. ಇಂಥ ಹೋರಾಟಗಳ ಬೆನ್ನಿಗೇ 2005ರಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕು ಕಾಯ್ದೆ ಬಂತು. ಕೂಲಿಕಾರರು ತಮ್ಮ ಭಾಷೆಯಲ್ಲಿ ತಮ್ಮ ಲೆಕ್ಕ ಕೇಳಿದ್ದರಿಂದ ನಿಮಗೂ ನನಗೂ ಒಂದು ಹತಾರ ಸಿಕ್ಕಿತು.

ನಲವತ್ತು ಮಕ್ಕಳ ಲೆಕ್ಕ

ಇಷ್ಟು ಕೇಳಿದ ಮೇಲೂ, ಎಣಿಸಿ ಏನು ಸಿಗುತ್ತದೆ ಸ್ವಾಮಿ ಎನ್ನುವವರಿದ್ದಾರೆ. ಅವರಿಗೊಂದು ಲೆಕ್ಕ ಹೇಳುತ್ತೇವೆ. 2006ರ ಡಿಸೆಂಬರ್ 13ರಂದು ಆಹಾರ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನು? ಹಳ್ಳಿಯಾಗಲಿ, ಕೊಳೆಗೇರಿಯಾಗಲಿ, ಒಂದು ಜನವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಜನ ಕೇಳಿದ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು.

ಜನ ಕೇಳಬೇಕು! ಕೇಳಬೇಕಾದರೆ 40 ಮಕ್ಕಳಿದ್ದಾರೆ ಎಂದು ತೋರಿಸಬೇಕು. ತೋರಿಸಬೇಕಾದರೆ ಯಾರಾದರೂ ಎಣಿಸಬೇಕು. ನಮ್ಮ ಎಷ್ಟು ಕೇರಿಗಳಲ್ಲಿ ಯಾರಾದರೂ ಎಣಿಸಿದ್ದಾರೆ? ಅಂಗನವಾಡಿ ಯೋಜನೆ 1975ರಲ್ಲಿ ದೇಶದ 33 ಕಡೆ ಮೊದಲಾದಾಗ ನಮ್ಮ ತಿರುಮಕೂಡಲು ನರಸೀಪುರವೂ ಅದರಲ್ಲಿ ಒಂದಾಗಿತ್ತು. ಅಂಥ ನಾಡಿನ ರಾಜಧಾನಿಯಲ್ಲಿ, ತಾಯಿ ಇಟ್ಟಿಗೆ ಹೊರುವಾಗ ಕೂಸು ಮರಳಿನ ಗುಡ್ಡೆಯ ಮೇಲೆ ಮಲಗಿದೆ.

ಯಾರ ಕೂಸು ಅದು? ಹೋಗಿ ಕೇಳಿ. ಯಾವೂರಮ್ಮ ಎಂದರೆ ದೇವದುರ್ಗ ಎನ್ನುತ್ತಾಳೆ, ಶಹಾಪುರ ಎನ್ನುತ್ತಾಳೆ, ಸುರಪುರ ಎನ್ನುತ್ತಾಳೆ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ನಾಡಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಲೆಕ್ಕ ಕೊಟ್ಟಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಆ ತಾಲ್ಲೂಕುಗಳು ಎಲ್ಲೋ ದೂರದಲ್ಲಿವೆ ಎಂದುಕೊಂಡಿದ್ದೀರಾ? ನಿಮ್ಮ ರಸ್ತೆಯ ಕೊನೆಯಲ್ಲಿ ಶೆಡ್ಡು ಹಾಕಿಕೊಂಡು ಕೂತಿವೆ!

ಈ ತಾಯಿಗೆ ಹಕ್ಕುಗಳಿಲ್ಲವೇ? ಇವೆ. ಊರಿನ ರೇಷನ್ ಕಾರ್ಡಿನಲ್ಲೇ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಬಹುದು. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಯಾರೇ ಆಗಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಆ ಮಂಡಳಿಗೆ ದುಡ್ಡು ಎಲ್ಲಿಂದ? ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಸುಂಕದಿಂದ. ಅಂದರೆ ಅವಳು ಹೊತ್ತ ಇಟ್ಟಿಗೆಯ ಲೆಕ್ಕದಲ್ಲೇ ಅವಳ ಹೆಸರಿನ ಹಣ ಜಮೆಯಾಗಿದೆ. ಆದರೆ ಹೇಳುವವರು ಯಾರು? ಮೇಸ್ತ್ರಿ ಹೇಳುವುದಿಲ್ಲ, ಬಿಲ್ಡರ್ ಹೇಳುವುದಿಲ್ಲ, ಕಚೇರಿಯವನು ಬೆನ್ನು ತಿರುಗಿಸುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ!

ನಮ್ಮನ್ನೂ ನಾವು ಕೇಳಿಕೊಳ್ಳೋಣ

ಈಗ ಒಂದು ಕಹಿ ಮಾತು. ಕನ್ನಡದ ಕೆಲಸ ಮಾಡುವ ನಾವೇನು ಮಾಡುತ್ತಿದ್ದೇವೆ? ಬೋರ್ಡಿಗೆ ಮಸಿ ಬಳಿಯುತ್ತೇವೆ. ನವೆಂಬರ್ ಬಂದರೆ ಶಾಮಿಯಾನ, ಆರ್ಕೆಸ್ಟ್ರಾ, ಸನ್ಮಾನ. ಆ ಶಾಮಿಯಾನದ ಗೂಟ ಹೊಡೆದವನು ಯಾವ ತಾಲ್ಲೂಕಿನವನು, ಅವನ ಮಗಳು ಯಾವ ಶಾಲೆಗೆ ಹೋಗುತ್ತಾಳೆ ಎಂದು ಒಂದು ದಿನವಾದರೂ ಕೇಳಿದ್ದೇವೆಯೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರಂತೆ. ಬೋರ್ಡು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೋರ್ಡಿನ ಕೆಳಗೆ ಮಲಗಿದ ಕನ್ನಡಿಗನ ಹೊಟ್ಟೆಯ ಪ್ರಶ್ನೆ ಕನ್ನಡದ ಪ್ರಶ್ನೆ ಅಲ್ಲವೇ?

ಇನ್ನು ಸಂಶೋಧನೆಯ ಕತೆ. ನಮ್ಮ ಕೊಳೆಗೇರಿಗಳಿಗೆ ಸರ್ವೆಯವರು ಬರುವುದೇ ಇಲ್ಲ ಎಂದಲ್ಲ. ಬರುತ್ತಾರೆ. ಫಾರಂ ತುಂಬಿಸಿಕೊಳ್ಳುತ್ತಾರೆ, ಫೋಟೋ ಹೊಡೆದುಕೊಳ್ಳುತ್ತಾರೆ, ಹೋಗುತ್ತಾರೆ. ವರದಿ ಇಂಗ್ಲಿಷಿನಲ್ಲಿ ಅಚ್ಚಾಗಿ ಹೋಟೆಲಿನ ಸಭಾಂಗಣದಲ್ಲಿ ಬಿಡುಗಡೆಯಾಗುತ್ತದೆ. ತನ್ನ ಬಡತನದ ಬಗ್ಗೆ ಏನು ಬರೆದರು ಎಂದು ಆ ಹೆಂಗಸಿಗೆ ಕೊನೆಗೂ ಗೊತ್ತಾಗುವುದಿಲ್ಲ. ತಪ್ಪು ಬರೆದಿದ್ದರೆ ತಿದ್ದುವವರು ಯಾರು? ಕೋಟ್ ಕಿರಾನಾದ ಗುಟ್ಟೇ ಇದು: ಲೆಕ್ಕವನ್ನು ಲೆಕ್ಕದೊಳಗಿನವರ ಮುಂದೆ, ಅವರ ಮಾತಿನಲ್ಲಿ ಓದಿದರು. ನಮ್ಮ ಭಾಷೆಗೆ ಇದಕ್ಕಿಂತ ದೊಡ್ಡ ಕೆಲಸ ಯಾವುದಿದೆ?

ಹಾಗಾದರೆ ಏನು ಮಾಡೋಣ?

ಹತ್ತು ಜನ ಸೇರಿ. ಅದರಲ್ಲಿ ಅರ್ಧದಷ್ಟಾದರೂ ಹುಡುಗಿಯರಿರಲಿ. ಹೆಂಗಸರು ಹೆಂಗಸರ ಹತ್ತಿರವೇ ಕಷ್ಟ ಹೇಳಿಕೊಳ್ಳುವುದು. ಒಂದೇ ಒಂದು ಕೇರಿ ಆರಿಸಿಕೊಳ್ಳಿ. ಮೊದಲು ಅಲ್ಲಿನ ಹಿರಿಯರನ್ನು, ಮಹಿಳಾ ಸಂಘದ ಅಕ್ಕಂದಿರನ್ನು ಕಂಡು ಒಪ್ಪಿಗೆ ಪಡೆಯಿರಿ. ಅವರೊಳಗಿನ ನಾಲ್ಕಾರು ಮಂದಿಯನ್ನು ಜೊತೆಗೆ ಕರೆದುಕೊಳ್ಳಿ. ಯಾವ ಮನೆಯ ಬಾಗಿಲು ಯಾವ ಹೊತ್ತಿಗೆ ತೆರೆದಿರುತ್ತದೆ ಎಂಬುದು ಅವರಿಗೇ ಗೊತ್ತು. ನಾಲ್ಕು ಭಾನುವಾರ ಸಾಕು.

ಪ್ರಶ್ನೆಗಳು ಎಂಟೇ ಇರಲಿ, ಕನ್ನಡದಲ್ಲಿರಲಿ.

ಮನೆಯಲ್ಲಿ ಎಷ್ಟು ಜನ, ಯಾವೂರು, ಬಂದು ಎಷ್ಟು ವರ್ಷ? ಆರು ವರ್ಷದೊಳಗಿನ ಮಕ್ಕಳೆಷ್ಟು, ಅಂಗನವಾಡಿ ಎಷ್ಟು ದೂರ? ಶಾಲೆಗೆ ಹೋಗುವ ವಯಸ್ಸಿನವರು ಹೋಗುತ್ತಿದ್ದಾರೆಯೆ, ಇಲ್ಲವಾದರೆ ಯಾಕೆ? ರೇಷನ್ ಕಾರ್ಡು ಇದೆಯೆ, ಕಳೆದ ತಿಂಗಳು ಎಷ್ಟು ಕೆ.ಜಿ. ಸಿಕ್ಕಿತು? ನೀರು ಎಲ್ಲಿಂದ, ದಿನಕ್ಕೆ ಎಷ್ಟು ಬಿಂದಿಗೆ, ಬಿಂದಿಗೆಗೆ ಎಷ್ಟು ದುಡ್ಡು? ಕಕ್ಕಸು, ಚರಂಡಿ ಇವೆಯೆ? ಪಿಂಚಣಿ ಬರಬೇಕಾದವರು ಯಾರಿದ್ದಾರೆ, ಕಾರ್ಮಿಕ ಕಾರ್ಡು ಇದೆಯೆ? ಯಾವ ಕಚೇರಿಗೆ ಎಷ್ಟು ಸಲ ಅಲೆದಿರಿ, ಯಾರಾದರೂ ಕಾಸು ಕೇಳಿದರೆ, ಯಾವ ಭಾಷೆಯಲ್ಲಿ ಉತ್ತರ ಕೊಟ್ಟರು?

ಐದನೆಯ ಭಾನುವಾರ ಅದೇ ಕೇರಿಯ ಅರಳಿಕಟ್ಟೆಯಲ್ಲೋ ದೇವಸ್ಥಾನದ ಮುಂದೋ ಎಲ್ಲರನ್ನೂ ಸೇರಿಸಿ ಲೆಕ್ಕ ಓದಿ. ಹೆಸರು ಹೇಳಬೇಡಿ, ಒಟ್ಟು ಲೆಕ್ಕ ಹೇಳಿ. ತಪ್ಪಿದ್ದರೆ ಜನ ತಿದ್ದುತ್ತಾರೆ. ಮೊದಲು ಯಾವುದಕ್ಕೆ ಹೋರಾಡಬೇಕು ಎಂದು ಅವರೇ ನಿರ್ಧರಿಸಲಿ. ನಿಮಗೆ ಗ್ರಂಥಾಲಯ ಮುಖ್ಯ ಅನ್ನಿಸಬಹುದು, ಅವರಿಗೆ ಬೀದಿದೀಪ ಮುಖ್ಯವಾಗಿರಬಹುದು. ರಾತ್ರಿ ಕೆಲಸ ಮುಗಿಸಿ ಬರುವ ಹೆಣ್ಣುಮಗಳಿಗೆ ಮಾತ್ರ ಅದರ ಬೆಲೆ ಗೊತ್ತು.

ಆಮೇಲೆ ಅರ್ಜಿ. 40 ಮಕ್ಕಳ ಪಟ್ಟಿ ಹಿಡಿದು ಅಂಗನವಾಡಿಗೆ ಬೇಡಿಕೆ ಸಲ್ಲಿಸಿ. ಸಕಾಲದಲ್ಲಿ ಬರುವ ಸೇವೆಯಾದರೆ ಸ್ವೀಕೃತಿ ಸಂಖ್ಯೆ ಪಡೆಯದೆ ಕಿಟಕಿ ಬಿಟ್ಟು ಕದಲಬೇಡಿ. 2011ರ ಆ ಕಾಯ್ದೆಯ ಪ್ರಕಾರ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೊಡಬೇಕು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, 30 ದಿನದ ಗಡುವು, ಬಿಪಿಎಲ್ ಕಾರ್ಡು ಇದ್ದವರಿಗೆ ಶುಲ್ಕವೇ ಇಲ್ಲ. ಅರ್ಜಿ ಕನ್ನಡದಲ್ಲೇ ಇರಲಿ, ಉತ್ತರವೂ ಕನ್ನಡದಲ್ಲೇ ಬರಲಿ. ಆರು ತಿಂಗಳ ಮೇಲೆ ಅದೇ ಮನೆಗಳಿಗೆ ಮತ್ತೆ ಹೋಗಿ ಮತ್ತೆ ಎಣಿಸಿ. ಬದಲಾಗದ್ದು ಏನೆಂದು ಕಚೇರಿಯ ಬಾಗಿಲಿಗೆ ಅಂಟಿಸಿ.

ಎಚ್ಚರ, ಗೆಳೆಯರೇ!

ಮೂರು ಎಚ್ಚರದ ಮಾತು ಹೇಳದಿದ್ದರೆ ನಾವು ತಪ್ಪು ಮಾಡಿದಂತೆ.

ಒಂದು: ಪಟ್ಟಿ ಎರಡು ಬಾಯಿಯ ಕತ್ತಿ. ಮನೆ ಕೊಡಿಸುವ ಪಟ್ಟಿಯನ್ನೇ ಹಿಡಿದು ಮನೆ ಕೆಡವಲು ಜೆಸಿಬಿ ಬರಬಹುದು. ಆದ್ದರಿಂದ ಹೆಸರಿರುವ ಹಾಳೆಗಳು ಕೇರಿಯವರ ಕೈಯಲ್ಲೇ ಇರಲಿ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಕೇಳಲೇಬೇಡಿ. ಯಾವ ಪುಢಾರಿಗೂ, ಯಾವ ದಲ್ಲಾಳಿಗೂ ಪಟ್ಟಿ ಕೊಡಬೇಡಿ. ಅಂಗನವಾಡಿಯ ಬೇಡಿಕೆಯಂಥ ಕಡೆ ಹೆಸರು ಕೊಡಲೇಬೇಕಾದರೆ ಆ ತಾಯ್ತಂದೆಯರನ್ನು ಕೇಳಿ, ಅವರ ಸಹಿಯಲ್ಲೇ ಕೊಡಿ. ನಮ್ಮ ಸಂಘಟನೆಯ ಲೆಟರ್‌ಹೆಡ್ಡಿಗೆ ಅಲಂಕಾರವಾಗಲು ಆ ಪಟ್ಟಿ ಇರುವುದಲ್ಲ.

ಎರಡು: ಆಣೆ ಭಾಷೆ ಕೊಡಬೇಡಿ. ಮನೆ ಕೊಡಿಸುತ್ತೇವೆ, ಕಾರ್ಡು ಮಾಡಿಸುತ್ತೇವೆ ಎಂದು ಬಂದುಹೋದವರು ಅವರ ಬಾಗಿಲಲ್ಲಿ ಬೇಕಾದಷ್ಟಿದ್ದಾರೆ. ಎಣಿಸುತ್ತೇವೆ, ಓದಿ ಹೇಳುತ್ತೇವೆ, ಜೊತೆಗೆ ಬರುತ್ತೇವೆ. ಇಷ್ಟೇ ಹೇಳಿ. ಹೇಳಿದಷ್ಟು ಮಾಡಿ.

ಮೂರು: ಇದು ನಮ್ಮವರಲ್ಲೇ ಕೆಲವರಿಗೆ ಹಿಡಿಸದ ಮಾತು. ಆ ಶೆಡ್ಡುಗಳಲ್ಲಿ ಕನ್ನಡ ಬಾರದವರೂ ಇರುತ್ತಾರೆ. ಅವರನ್ನು ಬಿಟ್ಟು ಎಣಿಸೋಣವೇ? ಕೂಡದು. ಒಂದೇ ನಲ್ಲಿಯ ಮುಂದೆ ಸಾಲು ನಿಂತ ಇಬ್ಬರಲ್ಲಿ ಒಬ್ಬಳನ್ನು ಬಿಟ್ಟರೆ ನೀರಿನ ಲೆಕ್ಕವೇ ಸುಳ್ಳಾಗುತ್ತದೆ. ಅವಳ ಕೂಸನ್ನು ಬಿಟ್ಟರೆ 40 ಇದ್ದದ್ದು 39 ಆಗಿ ನಮ್ಮ ಕೂಸಿಗೂ ಅಂಗನವಾಡಿ ತಪ್ಪುತ್ತದೆ. ಆ ಮಗು ಅಂಗನವಾಡಿಗೆ ಬಂದರೆ ಅಲ್ಲಿ ಕಲಿಯುವುದು ಯಾವ ಭಾಷೆ? ಕನ್ನಡ! ಬಾಗಿಲಿಂದ ಓಡಿಸಿ ಕನ್ನಡ ಬೆಳೆಸಿದವರು ಯಾರೂ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಬೆಳೆಸಿದವರಿದ್ದಾರೆ.

2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಬೆಂಗಳೂರು ವರ್ಷಗಟ್ಟಲೆ ಚುನಾಯಿತ ಕಾರ್ಪೊರೇಟರುಗಳಿಲ್ಲದೆ ನಡೆಯಿತು. 2025ರಲ್ಲಿ ಇದ್ದ ಒಂದು ಪಾಲಿಕೆಯನ್ನು ಒಡೆದು ಐದು ಮಾಡಿದರು. ಗಡಿ ಬದಲಾಯಿತು, ಬೋರ್ಡು ಬದಲಾಯಿತು, ಕಚೇರಿಯ ಕುರ್ಚಿ ಬದಲಾಯಿತು. ಟಾರ್ಪಾಲು ಮಾತ್ರ ಅಲ್ಲೇ ಇದೆ. ಐದು ಪಾಲಿಕೆಗಳ ಹೊಸ ಕಡತಗಳು ಈಗಷ್ಟೇ ತೆರೆಯುತ್ತಿವೆ. ಅವುಗಳ ಮೊದಲ ಪುಟಗಳಲ್ಲೇ ಈ ಜನರ ಲೆಕ್ಕ ಸೇರಬೇಕು. ಈಗ ತಪ್ಪಿದರೆ ಇನ್ನೆಷ್ಟು ವರ್ಷ ಕಾಯಬೇಕೋ!

1982ರ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದವರು ನಿಮ್ಮ ಅಪ್ಪ ಅಮ್ಮಂದಿರು. ಅವರ ಗಂಟಲಿಗೆ ಆ ಶಕ್ತಿ ಇತ್ತು. ನಿಮಗೆ ಗಂಟಲೂ ಇದೆ, ಜೇಬಿನಲ್ಲಿ ಲೆಕ್ಕ ಹಾಕುವ ಯಂತ್ರವೂ ಇದೆ, ಕೇಳುವ ಕಾನೂನೂ ಇದೆ. ಇಲ್ಲದ್ದು ಒಂದೇ: ಆ ಶೆಡ್ಡಿನ ಬಾಗಿಲ ತನಕ ನಡೆದುಹೋಗುವ ನೂರು ಹೆಜ್ಜೆ.

ಬರುವ ಭಾನುವಾರ ಹತ್ತು ಜನ ಸೇರಿ. ಒಂದು ನೋಟ್ ಬುಕ್ಕು, ಎರಡು ಪೆನ್ನು ತೆಗೆದುಕೊಳ್ಳಿ. ಚಪ್ಪಲಿ ಹೊರಗೆ ಬಿಟ್ಟು, ಅಕ್ಕಾ, ಒಳಗೆ ಬರಬಹುದಾ ಎಂದು ಕೇಳಿ.

ಆಟಕ್ಕಿದ್ದವರು ಲೆಕ್ಕಕ್ಕೂ ಬರಲಿ. ಲೆಕ್ಕ ನಾವೇ ಬರೆಯೋಣ, ಕನ್ನಡದಲ್ಲಿ!